ತಂತ್ರಜ್ಞಾನ ಕೊಂಡರೂ ಕಟ್ಟಡ ತ್ಯಾಜ್ಯ ಏಕೆ ಇಳಿಯುತ್ತಿಲ್ಲ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ನಾಲ್ಕೈದು ಅಂತಸ್ತಿನ ಅಪಾರ್ಟ್‌ಮೆಂಟ್ ಕಟ್ಟುವ ಸಣ್ಣ ಸಂಸ್ಥೆ ನಡೆಸುತ್ತಿದ್ದೇನೆ; ಸಿವಿಲ್ ಎಂಜಿನಿಯರಿಂಗ್ ಓದಿದವನು. ಸಾಮಗ್ರಿ ಲೆಕ್ಕದ ಆ್ಯಪ್, ಸೈಟಿನಲ್ಲಿ ಸಿಸಿಟಿವಿ, ಈಚಿನ ಯೋಜನೆಗೆ ಬಿಐಎಂ ಮಾದರಿ (ಇಡೀ ಕಟ್ಟಡದ ವಿವರವಾದ ಕಂಪ್ಯೂಟರ್ ಮಾದರಿ) ಎಲ್ಲವನ್ನೂ ಮಾಡಿಸಿದ್ದೇವೆ. ಆದರೂ ಹೊರಹೋಗುವ ಡೆಬ್ರಿಸ್ ಟ್ರ್ಯಾಕ್ಟರ್‌ಗಳ ಸಂಖ್ಯೆ ಕಡಿಮೆಯಾಗಿಲ್ಲ. ಕಂಬಿ ಮತ್ತು ಸಿಮೆಂಟಿನ ಲೆಕ್ಕ ಯಾವ ಯೋಜನೆಯಲ್ಲೂ ತಾಳೆಯಾಗುವುದಿಲ್ಲ. ಈಗ ಒಬ್ಬರು ಕೃತಕ ಬುದ್ಧಿಮತ್ತೆಯಿಂದ ತ್ಯಾಜ್ಯವನ್ನು ಮುಂಚಿತವಾಗಿ ಅಂದಾಜಿಸುವ ಸಾಫ್ಟ್‌ವೇರ್ ಕೊಳ್ಳಿ ಎನ್ನುತ್ತಿದ್ದಾರೆ. ತಂತ್ರಜ್ಞಾನದಿಂದ ತ್ಯಾಜ್ಯ ಇಳಿಯುತ್ತದೆ ಎಂಬುದಕ್ಕೆ ಸಂಶೋಧನೆಯ ಆಧಾರ ಇದೆಯೇ? ಕೊಳ್ಳಬೇಕೋ ಬೇಡವೋ ಎಂಬುದನ್ನು ನಾನು ಹೇಗೆ ತೀರ್ಮಾನಿಸಲಿ?

ಉತ್ತರ: ಸಂಶೋಧನೆ ಬೇಕಾದಷ್ಟಿದೆ. ಬಾರ್‌ಕೋಡ್‌ನಿಂದ, ಬಿಐಎಂನಿಂದ, ಕಾರ್ಖಾನೆಯಲ್ಲಿ ತಯಾರಾದ ಭಾಗಗಳ ಜೋಡಣೆಯಿಂದ ತ್ಯಾಜ್ಯ ಇಳಿದ ಪ್ರಕರಣಗಳು ದಾಖಲಾಗಿವೆ. ಆದರೆ ಅವನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಆ ಉಪಕರಣದ ಕಾರಣದಿಂದ ಯಾರೋ ಒಬ್ಬರು ಒಂದು ತೀರ್ಮಾನವನ್ನು ಮೊದಲಿಗಿಂತ ಬೇಗ ಅಥವಾ ಮೊದಲಿಗಿಂತ ಬೇರೆಯಾಗಿ ತೆಗೆದುಕೊಂಡಲ್ಲಿ ಮಾತ್ರ ತ್ಯಾಜ್ಯ ಇಳಿದಿರುವುದು ಕಾಣುತ್ತದೆ. ತೀರ್ಮಾನಗಳು ಹಳೆಯ ಕ್ರಮದಲ್ಲೇ, ಹಳೆಯ ವೇಳೆಯಲ್ಲೇ ನಡೆಯುತ್ತಿದ್ದರೆ ಆ್ಯಪ್ ಹಳೆಯ ನಷ್ಟವನ್ನು ಹೊಸ ಪರದೆಯಲ್ಲಿ ತೋರಿಸುತ್ತದೆ, ಅಷ್ಟೆ. ನಿಮ್ಮ ಸಂಸ್ಥೆಯಲ್ಲೂ ಹೀಗೇ ಆಗಿರುವ ಸಾಧ್ಯತೆ ಹೆಚ್ಚು.

ಮೊದಲಿಗೆ ನಿಮ್ಮ ಅಳತೆಗೋಲಿನ ಬಗ್ಗೆ ಒಂದು ಮಾತು. ಟ್ರ್ಯಾಕ್ಟರ್‌ಗಳ ಸಂಖ್ಯೆಯಿಂದ ತ್ಯಾಜ್ಯವನ್ನು ಅಳೆಯುವುದು ಎಲ್ಲರ ರೂಢಿ. ಭಾರತದಲ್ಲಿ ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖಿಸುವ ಅಂದಾಜು ಕೇಂದ್ರ ಸರ್ಕಾರದ ತಂತ್ರಜ್ಞಾನ ಸಂಸ್ಥೆ ಟೈಫ್ಯಾಕ್ 2001ರಲ್ಲಿ ಕೊಟ್ಟದ್ದು. ಹೊಸ ನಿರ್ಮಾಣದಲ್ಲಿ ಪ್ರತಿ ಚದರ ಮೀಟರಿಗೆ 40ರಿಂದ 60 ಕಿಲೋ ತ್ಯಾಜ್ಯ ಹುಟ್ಟುತ್ತದೆ ಎಂಬುದು ಅದರ ಲೆಕ್ಕ. ನಿಮ್ಮ ಯೋಜನೆ 4,000 ಚದರ ಮೀಟರಿನದು ಎಂದಿಟ್ಟುಕೊಂಡರೆ 160ರಿಂದ 240 ಟನ್. ಇದು ಕಣ್ಣಿಗೆ ಕಾಣುವ, ಗೇಟು ದಾಟುವ ತ್ಯಾಜ್ಯ ಮಾತ್ರ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಕೇಂದ್ರದಲ್ಲಿದ್ದ ಸ್ಕಾಯ್ಲ್ಸ್ 1970ರ ದಶಕದಲ್ಲೇ 114 ಸೈಟುಗಳ ಮಾಹಿತಿ ಆಧರಿಸಿ, ಸಾಮಗ್ರಿ ನಷ್ಟವನ್ನು ನೇರ ಮತ್ತು ಪರೋಕ್ಷ ಎಂದು ಎರಡಾಗಿ ಬೇರ್ಪಡಿಸಿದ್ದರು. ಒಡೆದು ಬಿಸಾಡಿದ್ದು ನೇರ ನಷ್ಟ. ವಿನ್ಯಾಸ ಕೇಳಿದ್ದಕ್ಕಿಂತ ಹೆಚ್ಚು ಸಾಮಗ್ರಿ ಕಟ್ಟಡದೊಳಗೇ ಸೇರಿ ಕುಳಿತರೆ ಅದು ಪರೋಕ್ಷ. ಈ ಎರಡನೆಯದು ಯಾವ ಟ್ರ್ಯಾಕ್ಟರಿಗೂ ಏರುವುದಿಲ್ಲ, ಯಾವ ಕ್ಯಾಮೆರಾಗೂ ಸಿಕ್ಕುವುದಿಲ್ಲ.

ಗೋಡೆಯ ಗಾರೆಯನ್ನೇ ನೋಡಿ. ಒಳಗೋಡೆಗೆ ನಕ್ಷೆಯಲ್ಲಿ 12 ಮಿಲಿಮೀಟರ್ ಪ್ಲಾಸ್ಟರ್ ಎಂದು ಬರೆದಿರುತ್ತದೆ. ಕಾಲಂ ಒಂದು ಕಡೆಗೆ ಸ್ವಲ್ಪ ವಾಲಿದೆ, ಬೀಮಿನ ಮುಖ ಬ್ಲಾಕ್ ಗೋಡೆಗಿಂತ ತುಸು ಮುಂದೆ ಬಂದಿದೆ ಎಂದಾದರೆ, ಗೋಡೆಯನ್ನು ಒಂದೇ ಮಟ್ಟಕ್ಕೆ ತರಲು ಗಾರೆಯವರು 20 ಮಿಲಿಮೀಟರ್ ಹಾಕಲೇಬೇಕಾಗುತ್ತದೆ. ನೂರು ಚದರ ಮೀಟರ್ ಗೋಡೆಗೆ 1.2 ಘನ ಮೀಟರ್ ಬದಲು 2 ಘನ ಮೀಟರ್ ಗಾರೆ ಹೋಗುತ್ತದೆ, ಅಂದರೆ ಮೂರನೇ ಎರಡರಷ್ಟು ಹೆಚ್ಚು. ಇಡೀ ಕಟ್ಟಡದಲ್ಲಿ ಹತ್ತು ಸಾವಿರ ಚದರ ಮೀಟರ್ ಪ್ಲಾಸ್ಟರ್ ಇದ್ದು ಎಲ್ಲ ಕಡೆಯೂ ಹೀಗೇ ಆದರೆ 80 ಘನ ಮೀಟರ್, ತೂಕದಲ್ಲಿ ಸುಮಾರು 160 ಟನ್ ಗಾರೆ ಗೋಡೆಗೆ ಅಂಟಿಕೊಂಡು ಉಳಿಯುತ್ತದೆ. ಮೇಲೆ ಹೇಳಿದ ಡೆಬ್ರಿಸ್ ಲೆಕ್ಕದ ಕೆಳಮಿತಿಯೂ 160 ಟನ್ನೇ ಎಂಬುದನ್ನು ಗಮನಿಸಿ. ಅರ್ಧದಷ್ಟು ಗೋಡೆಗಳು ಮಾತ್ರ ಹೀಗಿದ್ದರೂ 80 ಟನ್ ಆಯಿತು. ಸಿಮೆಂಟಿನ ಲೆಕ್ಕ ತಾಳೆಯಾಗುವುದಿಲ್ಲ ಎಂದು ನೀವು ಬರೆದಿದ್ದೀರಿ. ಕಳ್ಳತನವನ್ನು ಸಂಶಯಿಸುವ ಮೊದಲು ನಾಲ್ಕು ಗೋಡೆಗಳಲ್ಲಿ ಸ್ವಿಚ್ ಪೆಟ್ಟಿಗೆಯ ಅಂಚಿನ ಬಳಿ ಗಾರೆಯ ದಪ್ಪವನ್ನು ಅಳೆದು ನೋಡಿ.

ಈ ನಷ್ಟಕ್ಕೆ ಗಾರೆಯವರನ್ನು ದೂರಿ ಫಲವಿಲ್ಲ. ಕಾಲಂ ವಾಲಿದ್ದು ಸೆಂಟ್ರಿಂಗ್ ಹಂತದಲ್ಲಿ, ಅಂದರೆ ಕಾಂಕ್ರೀಟಿಗೆ ಅಚ್ಚು ಕಟ್ಟುವಾಗ. ಸೆಂಟ್ರಿಂಗ್ ಮೇಸ್ತ್ರಿಗೆ ಚದರ ಅಡಿ ಲೆಕ್ಕದಲ್ಲಿ ಕೂಲಿ, ಗಾರೆಯವರಿಗೂ ಚದರ ಅಡಿ ಲೆಕ್ಕದಲ್ಲೇ ಕೂಲಿ, ಸಿಮೆಂಟು ಮತ್ತು ಎಂ-ಸ್ಯಾಂಡ್ ಮಾತ್ರ ನಿಮ್ಮದು. ಒಬ್ಬರ ತಪ್ಪಿನ ಬೆಲೆಯನ್ನು ತಿಂಗಳುಗಳ ನಂತರ ಇನ್ನೊಬ್ಬರ ಕೆಲಸದಲ್ಲಿ ಮೂರನೆಯವರು ತೆರುವ ವ್ಯವಸ್ಥೆ ಇದು. ಇಲ್ಲಿ ನಷ್ಟವನ್ನು ತಡೆಯಬಲ್ಲ ತೀರ್ಮಾನ ಒಂದೇ: ಕಾಂಕ್ರೀಟ್ ಸುರಿಯುವ ಮೊದಲು ತೂಗುಗುಂಡು ಇಳಿಬಿಟ್ಟು, ಅಥವಾ ಲೇಸರ್ ಲೆವೆಲ್ ಹಿಡಿದು, ಸರಿಯಿಲ್ಲದಿದ್ದರೆ ಸುರಿಯುವುದನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂಬುದು. ಸಿದ್ಧ ಕಾಂಕ್ರೀಟ್ ತಂದ ಆರ್‌ಎಂಸಿ ಲಾರಿ ಗೇಟಿನಲ್ಲಿ ತಿರುಗುತ್ತಾ ನಿಂತಿರುವಾಗ, ಎರಡು ವರ್ಷ ಅನುಭವದ ಸೈಟ್ ಎಂಜಿನಿಯರ್ ಬೇಡ ಎನ್ನಬಲ್ಲನೇ? ಎನ್ನಲಾರ ಎಂದಾದರೆ ಅವನ ಕೈಗೆ ಕೊಟ್ಟ ಲೇಸರ್ ಲೆವೆಲ್ಲು ಮುಂದೆ ಆಗುವ ನಷ್ಟವನ್ನು ನಿಖರವಾಗಿ ಹೇಳುವುದಕ್ಕೆ ಮಾತ್ರ ಉಪಯೋಗ.

ಬ್ರೆಜಿಲ್‌ನಲ್ಲಿ ಕಾರ್ಲೋಸ್ ಫೊರ್ಮೊಸೊ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಾರಣಕ್ಕೇ ನನಗೆ ಮುಖ್ಯವೆನಿಸುತ್ತದೆ. ಅವರು ಅಭಿಪ್ರಾಯ ಸಂಗ್ರಹಿಸಿ ಸುಮ್ಮನಾಗದೆ ಸೈಟುಗಳಲ್ಲಿ ಸಾಮಗ್ರಿಯನ್ನು ಅಳೆದರು. ನಷ್ಟದ ಪ್ರಮಾಣ ಸಾಕಷ್ಟು ಹೆಚ್ಚೇ ಇತ್ತು. ಒಂದೇ ಸಾಮಗ್ರಿಯ ನಷ್ಟ ಒಂದು ಸೈಟಿಗೂ ಇನ್ನೊಂದಕ್ಕೂ ವಿಪರೀತ ವ್ಯತ್ಯಾಸವಾಗುತ್ತಿತ್ತು. ಹಾಗೆ ವ್ಯತ್ಯಾಸವಾಗುತ್ತದೆ ಎಂದರೆ ನಷ್ಟವು ಸಾಮಗ್ರಿಯ ಗುಣವಲ್ಲ, ನಿರ್ವಹಣೆಯ ಗುಣ ಎಂದಾಯಿತು. ಸಾಮಗ್ರಿಯ ಸರಬರಾಜು, ದಾಸ್ತಾನು, ಸೈಟಿನೊಳಗಿನ ಸಾಗಾಟ ಇಂತಹ ಕೆಲಸಗಳನ್ನು ನಿರ್ವಾಹಕರು ಕೆಲಸವೆಂದೇ ಪರಿಗಣಿಸದಿರುವುದು ದೊಡ್ಡ ಕಾರಣ ಎಂದೂ ಅವರು ಕಂಡುಕೊಂಡರು. ನಮ್ಮಲ್ಲಿ ಅಂದಾಜುಪಟ್ಟಿ ಮಾಡುವಾಗ ಕಂಬಿಗೆ ಮೂರು ಶೇಕಡಾ, ಟೈಲ್ಸಿಗೆ ಐದು ಶೇಕಡಾ ಎಂದು ರೂಢಿಯ ವೇಸ್ಟೇಜ್ ಸೇರಿಸುತ್ತೇವೆ. ಆ ಅಂಕಿ ಎಲ್ಲಿಂದ ಬಂತು ಎಂದು ಕೇಳಿದರೆ ಹಿಂದಿನ ಅಂದಾಜುಪಟ್ಟಿಯಿಂದ ಬಂತು ಎಂಬುದೇ ಸಾಮಾನ್ಯವಾದ ಉತ್ತರ.

ಕಂಬಿಯ ವಿಷಯಕ್ಕೆ ಬರೋಣ. ಅದರಲ್ಲಿ ನಿಮ್ಮ ಮೂರೂ ಪ್ರಶ್ನೆಗಳು, ಅಂದರೆ ತಂತ್ರಜ್ಞಾನ, ತ್ಯಾಜ್ಯ, ತೀರ್ಮಾನ, ಒಂದೇ ಕಡೆ ಸೇರುತ್ತವೆ. ನಿಮ್ಮ ಸೈಟಿನಲ್ಲಿ 12 ಮಿಲಿಮೀಟರ್ ಕಂಬಿಯ 4.6 ಮೀಟರ್ ಉದ್ದದ 200 ತುಂಡುಗಳು ಬೇಕಾಗಿವೆ ಎನ್ನಿ. ಕಂಬಿ ಬರುವುದು 12 ಮೀಟರ್ ಉದ್ದದಲ್ಲಿ. ಒಂದರಿಂದ ಎರಡು ತುಂಡು ತೆಗೆದರೆ 2.8 ಮೀಟರ್ ಉಳಿಯುತ್ತದೆ. ನೂರು ಕಂಬಿ ಕತ್ತರಿಸಿದಾಗ 280 ಮೀಟರ್, ಮೀಟರಿಗೆ 0.888 ಕಿಲೋದಂತೆ ಸುಮಾರು 249 ಕಿಲೋ ಬದಿಗೆ ಬೀಳುತ್ತದೆ. ಇದೇ ಕಟ್ಟಡದ ಮೆಟ್ಟಿಲಿಗೋ ಬಾಲ್ಕನಿಗೋ 2.7 ಮೀಟರ್ ಉದ್ದದ ತುಂಡುಗಳು ಬೇಕಿದ್ದರೆ, ಒಂದೊಂದು ಕಂಬಿಯಿಂದ ಎರಡು 4.6 ಮತ್ತು ಒಂದು 2.7 ತೆಗೆಯಬಹುದಿತ್ತು, ಉಳಿಯುತ್ತಿದ್ದುದು ಕೇವಲ 10 ಸೆಂಟಿಮೀಟರ್. ಆದರೆ ಮೆಟ್ಟಿಲಿನ ಬಾರ್ ಬೆಂಡಿಂಗ್ ಪಟ್ಟಿ (ಬೇಕಾದ ಕಂಬಿ ತುಂಡುಗಳ ಉದ್ದ, ಬಾಗು, ಸಂಖ್ಯೆಯ ಪಟ್ಟಿ) ಸೈಟಿಗೆ ಬರುವುದು ಮೂರು ವಾರಗಳ ನಂತರ. ಅಷ್ಟು ಹೊತ್ತಿಗೆ 2.8 ಮೀಟರಿನ ತುಂಡುಗಳಲ್ಲಿ ಕೆಲವು ಮೇಲಿನ ಕಂಬಿಗಳನ್ನು ಎತ್ತಿಹಿಡಿಯುವ ಚೇರ್ ಆಗಿ, ಕೆಲವು ಸೆಂಟ್ರಿಂಗ್‌ಗೆ ಆಸರೆಯಾಗಿ, ಉಳಿದವು ತುಕ್ಕು ಹಿಡಿದು ಗುಜರಿಗೆ ಸೇರಿರುತ್ತವೆ. ಇನ್ನೂ ಹಿಂದಕ್ಕೆ ಹೋದರೆ, ಸ್ಟ್ರಕ್ಚರಲ್ ಎಂಜಿನಿಯರ್ ಕಂಬಿಗಳ ಜೋಡಣೆಯ ಜಾಗವನ್ನು ಸ್ವಲ್ಪ ಬದಲಿಸಿ 4 ಮೀಟರಿನ ತುಂಡು ಸಾಕಾಗುವಂತೆ ಮಾಡಲು ಸಾಧ್ಯವಿದ್ದಿದ್ದರೆ, ಕಂಬಿಗೆ ಮೂರು ತುಂಡು, ಉಳಿಕೆ ಸೊನ್ನೆ.

ಒಂದು ಉದ್ದದ ವಸ್ತುವಿನಿಂದ ಬೇರೆಬೇರೆ ಅಳತೆಯ ತುಂಡುಗಳನ್ನು ಕನಿಷ್ಠ ಉಳಿಕೆಯಲ್ಲಿ ಕತ್ತರಿಸುವ ಲೆಕ್ಕ ಹೊಸದೇನಲ್ಲ. ಸೋವಿಯತ್ ಗಣಿತಜ್ಞ ಕ್ಯಾಂಟರೋವಿಚ್ 1939ರಲ್ಲೇ ಇಂತಹ ಸಮಸ್ಯೆಯನ್ನು ಎತ್ತಿಕೊಂಡಿದ್ದರು. ಗಿಲ್ಮೋರ್ ಮತ್ತು ಗೊಮೊರಿ 1961ರಲ್ಲಿ ಅದನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಸಮರ್ಥ ವಿಧಾನ ಕೊಟ್ಟರು. ಇಂದು ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಈ ಲೆಕ್ಕವನ್ನು ಕ್ಷಣಗಳಲ್ಲಿ ಮಾಡುತ್ತದೆ. ಹಾಗಿದ್ದರೂ ಸೈಟುಗಳಲ್ಲಿ ಕಂಬಿ ಪೋಲಾಗುತ್ತಲೇ ಇದೆ. ಲೆಕ್ಕಕ್ಕೆ ಬೇಕಾದ ಪಟ್ಟಿಗಳು ಒಂದೇ ದಿನ ಒಂದೇ ಮೇಜಿನ ಮೇಲೆ ಇರದಿರುವುದೇ ಅದಕ್ಕೆ ಕಾರಣ. ಎರಡು ಮಹಡಿಗಳ ಎಲ್ಲ ಪಟ್ಟಿಗಳನ್ನೂ ಮುಗಿಸಿಕೊಡದೆ ಕತ್ತರಿಸುವ ಯಂತ್ರವನ್ನು ಚಾಲೂ ಮಾಡಬೇಡಿ ಎಂಬ ಒಂದು ಆದೇಶಕ್ಕೆ ಇರುವ ಬೆಲೆ ಯಾವ ದುಬಾರಿ ಸಾಫ್ಟ್‌ವೇರಿಗೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಕಂಬಿಯ ಲೆಕ್ಕ ತಾಳೆಯಾಗದಿರಲು ತ್ಯಾಜ್ಯಕ್ಕೆ ಸಂಬಂಧಿಸದ ಇನ್ನೊಂದು ಕಾರಣವೂ ಇರಬಹುದು. ನೀವು ಕೊಳ್ಳುವುದು ಲಾರಿ ತೂಗುವ ವೇಬ್ರಿಡ್ಜ್‌ನ ಚೀಟಿಯ ಮೇಲೆ. ಬಳಕೆಯ ಲೆಕ್ಕ ಹಾಕುವುದು ಮಿಲಿಮೀಟರಿನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ ಮೀಟರಿಗೆ ಎಷ್ಟು ಕಿಲೋ ಎಂದು ಪಡೆಯುವ ಸೂತ್ರದಿಂದ. ಕಂಬಿಯ ಭಾರತೀಯ ಮಾನಕ ಐಎಸ್ 1786 10 ಮಿಲಿಮೀಟರ್‌ವರೆಗಿನ ಕಂಬಿಗಳ ತೂಕದಲ್ಲಿ ಶೇ 7ರಷ್ಟು, 16ರವರೆಗೆ ಶೇ 5ರಷ್ಟು, ಅದಕ್ಕಿಂತ ದಪ್ಪದವುಗಳಲ್ಲಿ ಶೇ 3ರಷ್ಟು ಏರುಪೇರನ್ನು ಒಪ್ಪುತ್ತದೆ. ಸ್ಲ್ಯಾಬಿಗೆ ತಂದ 8 ಮಿಲಿಮೀಟರ್ ಕಂಬಿ ಶೇ 4ರಷ್ಟು ಭಾರವಾಗಿದ್ದರೆ, ಒಂದು ತುಂಡೂ ನೆಲಕ್ಕೆ ಬೀಳದೆ ನಿಮ್ಮ ಬಿಲ್ಲಿನ ಶೇ 4 ಕಾಣೆಯಾಗುತ್ತದೆ. ಪ್ರತಿ ಲೋಡಿನಿಂದ ಒಂದೊಂದು ಮೀಟರಿನ ಕೆಲವು ತುಂಡುಗಳನ್ನು ತೂಗಿ ಬರೆದಿಟ್ಟರೆ ಈ ಭೂತ ಬಿಡುತ್ತದೆ.

ಬಿಐಎಂ ಬಗ್ಗೆ ಹೆಚ್ಚಾಗಿ ಉಲ್ಲೇಖಗೊಳ್ಳುವ ಅಧ್ಯಯನಗಳಲ್ಲಿ ಒಂದು 2016ರಲ್ಲಿ ಪ್ರಕಟವಾದ, ದಕ್ಷಿಣ ಕೊರಿಯಾದ ಯೋಜನೆಗಳನ್ನು ಕುರಿತದ್ದು. ಮಾದರಿಯ ಮೂಲಕ ವಿನ್ಯಾಸವನ್ನು ಪರಿಶೀಲಿಸಿದ್ದರಿಂದ ಶೇ 4.3ರಿಂದ 15.2ರಷ್ಟು ತ್ಯಾಜ್ಯ ತಪ್ಪಿತೆಂದು ಅದು ಅಂದಾಜಿಸಿತು. ಈ ಅಂಕಿಯನ್ನು ಓದುವ ಕ್ರಮ ತಿಳಿದಿರಬೇಕು. ಮಾದರಿಯಲ್ಲಿ ಪತ್ತೆಯಾದ ಒಂದೊಂದು ದೋಷವೂ ಪತ್ತೆಯಾಗದೆ ಸೈಟಿಗೆ ಹೋಗಿದ್ದರೆ ಎಷ್ಟು ಒಡೆದು ಕಟ್ಟಬೇಕಾಗುತ್ತಿತ್ತು ಎಂದು ಲೆಕ್ಕ ಹಾಕಿ ಪಡೆದ ಅಂಕಿ ಅದು. ಸೈಟಿನ ತೊಟ್ಟಿಯನ್ನು ತೂಗಿ ಪಡೆದದ್ದಲ್ಲ. ಜೊತೆಗೆ, ದೋಷ ಕಂಡಾಗ ವಿನ್ಯಾಸವನ್ನು ತಿದ್ದಲಾಯಿತು, ತಿದ್ದಲು ಸಮಯವಿತ್ತು ಎಂಬುದು ಅದರ ಒಳಗಿನ ಷರತ್ತು. ನಿಮ್ಮ ಬಿಐಎಂ ಮಾದರಿ ಯಾವಾಗ ತಯಾರಾಯಿತು? ಪಾಯ ಮುಗಿದು ನೆಲಮಹಡಿಯ ಕಾಲಂಗಳು ಎದ್ದ ಮೇಲೆ, ಮಾರಾಟದ ವಿಡಿಯೊ ಮಾಡಿಸುವ ನೆಪದಲ್ಲಿ ತಯಾರಾಗಿದ್ದರೆ, ಅದು ಬೀಮಿಗೂ ಡ್ರೈನೇಜ್ ಪೈಪಿಗೂ ಡಿಕ್ಕಿ ಇದೆ ಎಂದು ಹೇಳಿದ್ದರೂ ಆ ಮಾತನ್ನು ಕೇಳುವ ಕಾಲ ಮೀರಿಹೋಗಿತ್ತು.

ವಿನ್ಯಾಸಕಾರರಿಗೆ ಈ ಹೊಣೆ ತಮ್ಮದೆಂದು ಅನಿಸುವುದೇ ಅಪರೂಪ. ಬ್ರಿಟನ್ನಿನಲ್ಲಿ ಮೊಹಮ್ಮದ್ ಉಸ್ಮಾನಿ ಮತ್ತು ಸಂಗಡಿಗರು ವಾಸ್ತುಶಿಲ್ಪಿಗಳನ್ನು ಕೇಳಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತ್ಯಾಜ್ಯ ಹುಟ್ಟುವುದು ಮುಖ್ಯವಾಗಿ ಸೈಟಿನ ಕೆಲಸದಲ್ಲಿ, ವಿನ್ಯಾಸದ ಹಂತದಲ್ಲಿ ಅಪರೂಪ ಎಂಬ ಭಾವನೆಯೇ ಅವರಲ್ಲಿ ಬಲವಾಗಿತ್ತು. ಗುತ್ತಿಗೆದಾರರನ್ನು ಕೇಳಿದರೆ ವಿನ್ಯಾಸದ ಬದಲಾವಣೆಯೇ ಮೊದಲ ಕಾರಣ ಎನ್ನುತ್ತಾರೆ. ನಮ್ಮ ಕ್ಷೇತ್ರದ ಪ್ರಬಂಧಗಳಲ್ಲಿ ದೊಡ್ಡ ಪಾಲು ಇಂತಹ ಪ್ರಶ್ನಾವಳಿ ಹಂಚಿ, ಕಾರಣಗಳಿಗೆ ಒಂದು, ಎರಡು, ಮೂರು ಎಂದು ಶ್ರೇಯಾಂಕ ಕೊಟ್ಟು ಮುಗಿಯುತ್ತವೆ. ಅವುಗಳಿಂದ ಯಾರು ಯಾರನ್ನು ದೂರುತ್ತಾರೆ ಎಂಬುದು ತಿಳಿಯುತ್ತದೆ, ಸಾಮಗ್ರಿ ಎಲ್ಲಿ ಹೋಯಿತು ಎಂಬುದು ತಿಳಿಯುವುದಿಲ್ಲ. ಮಾರಾಟಗಾರರು ಸಂಶೋಧನೆಯನ್ನು ಉಲ್ಲೇಖಿಸಿದಾಗ ಅದು ಅಳೆದದ್ದೋ, ಲೆಕ್ಕ ಹಾಕಿದ್ದೋ, ಕೇಳಿ ಬರೆದುಕೊಂಡದ್ದೋ ಎಂದು ವಿಚಾರಿಸುವುದು ಒಳ್ಳೆಯದು.

ನಿರ್ಮಾಣ ನಿರ್ವಹಣೆಯಲ್ಲಿ ತ್ಯಾಜ್ಯದ ಕಲ್ಪನೆಯನ್ನೇ ಬದಲಿಸಿದವರು ಫಿನ್ಲೆಂಡಿನ ಲೌರಿ ಕೊಸ್ಕೆಲಾ. ಟೊಯೋಟಾ ಕಾರ್ಖಾನೆಯ ಉತ್ಪಾದನಾ ಚಿಂತನೆಯನ್ನು ಕಟ್ಟಡ ಕೆಲಸಕ್ಕೆ ಅನ್ವಯಿಸುವ ಅವರ ವರದಿ 1992ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಹೊರಬಂತು; ಕಾಯುವಿಕೆ, ಮರುಕೆಲಸ, ಅನಗತ್ಯ ಸಾಗಾಟ ಎಲ್ಲವೂ ತ್ಯಾಜ್ಯವೇ ಎಂಬ ಮಾತು ಅಲ್ಲಿಂದ ನಮ್ಮ ಕ್ಷೇತ್ರಕ್ಕೆ ಇಳಿಯಿತು. 2004ರಲ್ಲಿ ಅವರು ಅದಕ್ಕೆ ಇನ್ನೊಂದನ್ನು ಸೇರಿಸಿದರು: ಬೇಕಾದದ್ದೆಲ್ಲ ಸಿದ್ಧವಾಗುವ ಮೊದಲೇ, ಇದ್ದುದರಲ್ಲೇ ಹೇಗೋ ಕೆಲಸ ಶುರುಮಾಡಿಬಿಡುವುದೂ ಒಂದು ಬಗೆಯ ತ್ಯಾಜ್ಯ ಎಂದು. ನಮ್ಮ ಸೈಟುಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಲೆಕ್ಟ್ರಿಕಲ್ ನಕ್ಷೆ ಬಂದಿಲ್ಲ, ಆದರೂ ಕೂಲಿಯವರು ಖಾಲಿ ಕೂರಬಾರದೆಂದು ಗೋಡೆ ಕಟ್ಟಿಸುತ್ತೇವೆ. ಆಮೇಲೆ ಎಲೆಕ್ಟ್ರಿಷಿಯನ್ ಬಂದು ಕಟರ್ ಹಿಡಿದು ಅದೇ ಗೋಡೆಯನ್ನು ಉದ್ದಕ್ಕೂ ಅಡ್ಡಕ್ಕೂ ಕೊರೆಯುತ್ತಾನೆ. ಪ್ಲಂಬರ್ ತನ್ನ ಪಾಲಿನದನ್ನು ಒಡೆಯುತ್ತಾನೆ. ಕೊರೆದ ಪುಡಿ ಟ್ರ್ಯಾಕ್ಟರಿಗೆ, ಕೊರೆದ ಜಾಗ ತುಂಬಲು ಮತ್ತೆ ಗಾರೆ. ಈ ತ್ಯಾಜ್ಯ ನಿಶ್ಚಯವಾದದ್ದು ನಕ್ಷೆಯಿಲ್ಲದೆ ಗೋಡೆ ಶುರುಮಾಡಿ ಎಂದ ಬೆಳಿಗ್ಗೆ. ಖಾಲಿ ಕೂತವರ ಒಂದು ದಿನದ ಕೂಲಿ ಎದುರಿಗೇ ಕಾಣುತ್ತದೆ, ಕೊರೆಯುವುದರ ಖರ್ಚು ಹತ್ತು ಬಿಲ್ಲುಗಳಲ್ಲಿ ಹಂಚಿಹೋಗಿರುತ್ತದೆ. ಹಾಗಾಗಿ ಆ ತೀರ್ಮಾನ ಪ್ರತಿ ಸಲವೂ ಸರಿಯೆಂದೇ ತೋರುತ್ತದೆ.

ಗ್ಲೆನ್ ಬ್ಯಾಲಾರ್ಡ್ ಮತ್ತು ಗ್ರೆಗ್ ಹೊವೆಲ್ 1990ರ ದಶಕದಲ್ಲಿ ಅಮೆರಿಕದ ಸೈಟುಗಳಲ್ಲಿ ಒಂದು ಸರಳ ಅಳತೆ ತೆಗೆದರು: ಈ ವಾರ ಮುಗಿಸುತ್ತೇವೆ ಎಂದು ಒಪ್ಪಿಕೊಂಡ ಕೆಲಸಗಳಲ್ಲಿ ನಿಜವಾಗಿ ಮುಗಿದವು ಎಷ್ಟು? ಸರಾಸರಿ ಸುಮಾರು ಶೇ 54. ಅದೂ ಪಳಗಿದ ಗುತ್ತಿಗೆದಾರರ ಸೈಟುಗಳಲ್ಲಿ. ಅವರು ರೂಪಿಸಿದ ಲಾಸ್ಟ್ ಪ್ಲ್ಯಾನರ್ ಪದ್ಧತಿಯಲ್ಲಿ ವಾರಕ್ಕೊಮ್ಮೆ ಮೇಸ್ತ್ರಿ ಮಟ್ಟದವರೂ ಕೂತು, ನಕ್ಷೆ, ಸಾಮಗ್ರಿ, ಜಾಗ, ಜನ ಎಲ್ಲ ಸಿದ್ಧವಿರುವ ಕೆಲಸವನ್ನಷ್ಟೇ ಒಪ್ಪಿಕೊಳ್ಳುತ್ತಾರೆ. ಮುಗಿಯದಿದ್ದರೆ ಏಕೆ ಎಂದು ಬರೆದಿಡುತ್ತಾರೆ. ಇದಕ್ಕೆ ಬೇಕಾದದ್ದು ಒಂದು ಗೋಡೆ ಮತ್ತು ಬಣ್ಣದ ಚೀಟಿಗಳು. ಈ ಸಂಶೋಧಕ ಬಳಗದ ವಾರ್ಷಿಕ ಸಮ್ಮೇಳನ 2018ರಲ್ಲಿ ಚೆನ್ನೈನಲ್ಲೇ ನಡೆದಿತ್ತು. ನಮ್ಮ ಕಡೆ ಇದು ತೀರ ಅಪರಿಚಿತವೇನಲ್ಲ.

ಹಾಗಾದರೆ ತಂತ್ರಜ್ಞಾನವೇ ತ್ಯಾಜ್ಯವನ್ನು ಇಳಿಸಿದ ಉದಾಹರಣೆ ಇಲ್ಲವೇ? ಹಾಂಗ್‌ಕಾಂಗ್‌ನಲ್ಲಿ ಇದೆ. ಚೆನ್, ಲಿ ಮತ್ತು ವಾಂಗ್ ಎಂಬ ಸಂಶೋಧಕರು 2002ರಲ್ಲಿ ವರದಿ ಮಾಡಿದ ಬಾರ್‌ಕೋಡ್ ಪದ್ಧತಿಯಲ್ಲಿ, ಉಗ್ರಾಣದಿಂದ ಹೊರಹೋದ ಸಾಮಗ್ರಿ ಯಾವ ಕೆಲಸಗಾರರ ಗುಂಪಿಗೆ ಹೋಯಿತು ಎಂಬುದು ದಾಖಲಾಗುತ್ತಿತ್ತು. ಬಳಸದೆ ಉಳಿದದ್ದನ್ನು ಗುಂಪು ಮರಳಿಸಿದರೆ ಅದೂ ದಾಖಲಾಗುತ್ತಿತ್ತು. ಅಂದಾಜಿಗಿಂತ ಕಡಿಮೆ ಬಳಸಿ ಉಳಿಸಿದ ಸಾಮಗ್ರಿಯ ಬೆಲೆಯಲ್ಲಿ ಒಂದು ಪಾಲು ಬಹುಮಾನವಾಗಿ ಆ ಗುಂಪಿಗೇ ಸಲ್ಲುತ್ತಿತ್ತು. ಇಲ್ಲಿ ಬಾರ್‌ಕೋಡ್ ಮಾಡಿದ್ದು ಗುಮಾಸ್ತನ ಕೆಲಸ; ತ್ಯಾಜ್ಯ ಇಳಿಸಿದ್ದು ಪಾಲು ಹಂಚುವ ನಿಯಮ. ಆದರೆ ಆ ಗುಮಾಸ್ತಿಕೆ ಇಲ್ಲದೆ ನಿಯಮವನ್ನು ಜಗಳವಿಲ್ಲದೆ ನಡೆಸಲಾಗುತ್ತಿರಲಿಲ್ಲ ಎಂಬುದೂ ನಿಜ. ನಿಮ್ಮ ಸಾಮಗ್ರಿ ಆ್ಯಪ್ ಇದೇ ಕೆಲಸವನ್ನು ಮಾಡಬಲ್ಲದು. ಅದರಲ್ಲಿ ಸಿಮೆಂಟ್ ಮೂಟೆ ಸೈಟಿಗೆ ಬಂದದ್ದು ಮಾತ್ರ ದಾಖಲಾಗುತ್ತಿದೆಯೋ, ಯಾವ ಮೇಸ್ತ್ರಿಯ ತಂಡಕ್ಕೆ ಯಾವ ಮಹಡಿಯ ಯಾವ ಕೆಲಸಕ್ಕೆ ಹೋಯಿತೆಂಬುದೂ ದಾಖಲಾಗುತ್ತಿದೆಯೋ ನೋಡಿಕೊಳ್ಳಿ.

ಅದೇ ಹಾಂಗ್‌ಕಾಂಗ್ ಸರ್ಕಾರ 2005ರಲ್ಲಿ ಕಟ್ಟಡ ತ್ಯಾಜ್ಯ ಸುರಿಯಲು ಶುಲ್ಕ ವಿಧಿಸಿತು. ಭೂಭರ್ತಿಗೆ (ತ್ಯಾಜ್ಯ ಹೂಳುವ ಜಾಗಕ್ಕೆ) ಟನ್ನಿಗೆ 125 ಹಾಂಗ್‌ಕಾಂಗ್ ಡಾಲರ್ ಇದ್ದದ್ದು 2017ರಲ್ಲಿ 200 ಆಯಿತು. ವಿಂಗಡಿಸಿ ತಂದ ಜಡ ವಸ್ತುವಿಗೆ (ಮಣ್ಣು, ಕಲ್ಲು, ಕಾಂಕ್ರೀಟಿನಂತಹವು) 27 ಇದ್ದದ್ದು 71 ಆಯಿತು. ಪ್ರತಿ ಲಾರಿಗೂ ಬಿಲ್ ಆಗಬೇಕಾದ್ದರಿಂದ ಪ್ರತಿ ಲಾರಿಯ ತೂಕವೂ ಯೋಜನೆಯ ಹೆಸರೂ ದಾಖಲಾಗುತ್ತ ಬಂದವು. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಲು ವೈಶೆಂಗ್ ಮತ್ತು ಸಂಗಡಿಗರು ಈ ದಾಖಲೆಗಳ ರಾಶಿಯನ್ನೇ ವಿಶ್ಲೇಷಿಸಿ, ಸರ್ಕಾರಿ ಯೋಜನೆಗಳಲ್ಲಿ ತ್ಯಾಜ್ಯ ನಿರ್ವಹಣೆ ಖಾಸಗಿಯವುಗಳಿಗಿಂತ ಉತ್ತಮವಾಗಿದೆ ಎಂದು ತೋರಿಸಿದರು. ಕೃತಕ ಬುದ್ಧಿಮತ್ತೆಯ ಮಾತಾಡುವವರಿಗೆ ಇಲ್ಲೊಂದು ಪಾಠವಿದೆ. ಆ ದತ್ತಾಂಶ ನಂಬಲರ್ಹವಾದದ್ದು ಅದರ ಬೆನ್ನಿಗೆ ದುಡ್ಡಿನ ವ್ಯವಹಾರ ಇದ್ದುದರಿಂದ. ಯಾರಿಗೂ ಲಾಭನಷ್ಟವಿಲ್ಲದ ಖಾನೆಗಳನ್ನು ಸಂಜೆ ಆರರ ಮೇಲೆ ಸೂಪರ್‌ವೈಸರ್ ಆ್ಯಪ್‌ನಲ್ಲಿ ತುಂಬಿದರೆ, ಅದರಿಂದ ಕಲಿತ ಯಂತ್ರ ಸೂಪರ್‌ವೈಸರನ ಆಯಾಸವನ್ನಷ್ಟೇ ಕಲಿತಿರುತ್ತದೆ.

ಕಾರ್ಖಾನೆಯಲ್ಲಿ ತಯಾರಿಸಿ ತಂದು ಜೋಡಿಸುವ ವಿಧಾನದ ಬಗ್ಗೆ ಹಾಂಗ್‌ಕಾಂಗ್‌ನದೇ 2009ರ ಅಧ್ಯಯನ ಸರಾಸರಿ ಶೇ 52ರಷ್ಟು ತ್ಯಾಜ್ಯ ಇಳಿಕೆಯನ್ನು ಕಂಡಿತ್ತು. ಅಲ್ಲಿ ಒಂದೇ ಅಚ್ಚಿನ ನೂರಾರು ಮನೆಗಳ ಗೋಪುರಗಳು. ನಿಮ್ಮದು ಇಪ್ಪತ್ತು ಮೂವತ್ತು ಮನೆಗಳದ್ದಾದರೆ ಪೂರ್ತಿ ಪ್ರೀಫ್ಯಾಬ್ ಲೆಕ್ಕಕ್ಕೆ ಕೂಡುವುದು ಕಷ್ಟ. ಕತ್ತರಿಸಿ ಬಗ್ಗಿಸಿ ತರುವ ಕಂಬಿಯನ್ನು ಪರಿಶೀಲಿಸಬಹುದು. ಡ್ರೋನ್ ದೊಡ್ಡ ಮಣ್ಣಿನ ಕೆಲಸಕ್ಕೆ ಸರಿ, ನಿಮಗೆ ಬೇಕಿಲ್ಲ. ತೊಟ್ಟಿಯಲ್ಲಿ ಬಿದ್ದದ್ದನ್ನು ಗುರುತಿಸುವ ಕ್ಯಾಮೆರಾಗಳು ಮರುಬಳಕೆ ಘಟಕಗಳಿಗೆ ಉಪಯುಕ್ತ. ಬೀಳದಂತೆ ತಡೆಯುವುದು ಅವುಗಳ ಕೆಲಸವಲ್ಲ.

ಕಾನೂನಿನ ಒತ್ತಡದಿಂದ ಈ ಖರೀದಿ ಮಾಡುತ್ತಿದ್ದರೆ ಇದನ್ನೂ ಗಮನಿಸಿ. ಕಟ್ಟಡ ತ್ಯಾಜ್ಯ ಕುರಿತ ಕೇಂದ್ರದ 2016ರ ನಿಯಮಗಳು ದಿನಕ್ಕೆ 20 ಟನ್ ಅಥವಾ ಒಂದು ಯೋಜನೆಯಲ್ಲಿ ತಿಂಗಳಿಗೆ 300 ಟನ್ ತ್ಯಾಜ್ಯ ದಾಟಿದವರ ಮೇಲೆ ವಿಂಗಡಣೆಯ ಹೆಚ್ಚಿನ ಹೊಣೆ ಹೊರಿಸಿದ್ದವು. 2025ರಲ್ಲಿ ಅಧಿಸೂಚನೆಯಾದ, 2026ರ ಏಪ್ರಿಲ್ 1ರಿಂದ ಜಾರಿಯ ದಿನ ಗೊತ್ತುಪಡಿಸಿದ ಹೊಸ ನಿಯಮಗಳಲ್ಲಿ ಉತ್ಪಾದಕರ ವಿಸ್ತೃತ ಹೊಣೆಗಾರಿಕೆ (ತ್ಯಾಜ್ಯ ಹುಟ್ಟಿಸಿದವರೇ ಅದರ ಮರುಬಳಕೆಗೂ ಹೊಣೆಯಾಗುವುದು) 20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಯೋಜನೆಗಳಿಗೆ ಅನ್ವಯಿಸುತ್ತದೆ. ನಿಮ್ಮ ಹೊಸ ಕಟ್ಟಡ ಈ ಮಿತಿಗಳ ಹತ್ತಿರವೂ ಬರುವುದಿಲ್ಲ. ಕೆಡವುವ ಕೆಲಸದ ಕತೆ ಬೇರೆ. ಟೈಫ್ಯಾಕ್ ಅಂದಾಜಿನಂತೆ ಪಕ್ಕಾ ಕಟ್ಟಡ ಕೆಡವಿದರೆ ಚದರ ಮೀಟರಿಗೆ 500 ಕಿಲೋ. 600 ಚದರ ಮೀಟರಿನ ಹಳೆಯ ಮನೆಯೊಂದೇ 300 ಟನ್. ಹಳೆ ಕಟ್ಟಡವಿರುವ ನಿವೇಶನ ಕೊಂಡಾಗ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಕಾಂಕ್ರೀಟಿನ ಜಲ್ಲಿ, ಮರಳಿನ ಮಾನಕವಾದ ಐಎಸ್ 383ರ 2016ರ ಆವೃತ್ತಿ ಎಂ15ಕ್ಕಿಂತ ಕೆಳದರ್ಜೆಯ ಕಾಂಕ್ರೀಟಿನಲ್ಲಿ ಪೂರ್ತಿಯಾಗಿ, ಎಂ25ರವರೆಗಿನ ಆರ್‌ಸಿಸಿಯಲ್ಲಿ ಶೇ 20ರವರೆಗೆ ಮರುಬಳಕೆಯ ಕಾಂಕ್ರೀಟ್ ಜಲ್ಲಿಯನ್ನು ಒಪ್ಪುತ್ತದೆ. ಪಾಯದ ಕೆಳಗಿನ ಬೆಡ್ ಕಾಂಕ್ರೀಟಿಗೆ ಹೊಸ ಜಲ್ಲಿ ಬೇಕೇ ಬೇಕು ಎಂಬುದು ಅಭ್ಯಾಸಬಲ, ಮಾನಕವಲ್ಲ.

ಇನ್ನು ಕೊಳ್ಳುವ ತೀರ್ಮಾನ. ಥಾಮಸ್ ಸಾಟಿ ರೂಪಿಸಿದ ಎಎಚ್‌ಪಿಯಂತಹ, ಅಂಶಗಳಿಗೆ ತೂಕ ಕೊಟ್ಟು ಆಯ್ಕೆ ಮಾಡುವ ವಿಧಾನಗಳನ್ನು ನಮ್ಮ ವಿದ್ಯಾರ್ಥಿಗಳು ಹೇರಳವಾಗಿ ಬಳಸುತ್ತಾರೆ. ನಿಮ್ಮ ಪ್ರಶ್ನೆಗೆ ಅದು ಬೇಡ. ತೂಕ ಕೊಡುವವರು ಮೊದಲೇ ಮನಸ್ಸು ಮಾಡಿಕೊಂಡಿದ್ದರೆ ಕೋಷ್ಟಕವೂ ಅದನ್ನೇ ಹೇಳುತ್ತದೆ. ಬೆಂಟ್ ಫ್ಲಿವ್‌ಬ್ಯೋರ್ ಮತ್ತು ಸಂಗಡಿಗರು 2002ರಲ್ಲಿ 258 ಸಾರಿಗೆ ಯೋಜನೆಗಳನ್ನು ಪರಿಶೀಲಿಸಿ, ಹತ್ತರಲ್ಲಿ ಒಂಬತ್ತರ ವೆಚ್ಚವನ್ನು ಕಡಿಮೆ ಅಂದಾಜಿಸಲಾಗಿತ್ತು ಎಂದು ತೋರಿಸಿದ ಮೇಲೆ ಬಲಗೊಂಡ ಒಂದು ಕ್ರಮ ಹೆಚ್ಚು ಉಪಯುಕ್ತ: ಈ ಯೋಜನೆ ಹೇಗೆ ನಡೆಯಬಹುದೆಂದು ಊಹಿಸುವ ಬದಲು, ಇಂತಹವೇ ಹಿಂದಿನ ಯೋಜನೆಗಳು ನಿಜವಾಗಿ ಹೇಗೆ ನಡೆದವು ಎಂಬುದರಿಂದ ಅಂದಾಜು ಶುರುಮಾಡುವುದು. ನಿಮ್ಮ ಹಿಂದಿನ ಎರಡು ಮೂರು ಯೋಜನೆಗಳಲ್ಲಿ ಕೊಂಡ ಕಂಬಿ, ಸಿಮೆಂಟು, ಬ್ಲಾಕು, ಟೈಲ್ಸ್ ಎಷ್ಟು, ನಕ್ಷೆಯಂತೆ ಬೇಕಿದ್ದದ್ದು ಎಷ್ಟು ಎಂದು ತೆಗೆಸಿ. ರೂಢಿಯ ಮೂರು ಐದು ಶೇಕಡಾಗಳ ಬದಲು ಮುಂದಿನ ಅಂದಾಜುಪಟ್ಟಿಗೆ ಈ ಅಂಕಿಗಳೇ ಹೋಗಲಿ. ಜೊತೆಗೆ ಈಗ ನಡೆಯುತ್ತಿರುವ ಸೈಟಿನಲ್ಲಿ, ನಕ್ಷೆ ಅಥವಾ ಅಳತೆಯ ಬಗ್ಗೆ ಪ್ರಶ್ನೆ ಎದ್ದ ದಿನಾಂಕವನ್ನೂ ಉತ್ತರ ಬಂದ ದಿನಾಂಕವನ್ನೂ ಒಂದು ಪುಸ್ತಕದಲ್ಲಿ ಬರೆಸಿ. ಉತ್ತರಕ್ಕೆ ಹತ್ತು ದಿನ ಕಾಯುವ ಸೈಟಿನಲ್ಲಿ ಕೆಲಸ ಹತ್ತು ದಿನ ನಿಂತಿರುವುದಿಲ್ಲ, ಊಹೆಯ ಮೇಲೆ ಮುಂದುವರಿದಿರುತ್ತದೆ. ನಿಮ್ಮ ಟ್ರ್ಯಾಕ್ಟರ್‌ಗಳಲ್ಲಿ ಹಲವು ತುಂಬಿಕೊಳ್ಳುವುದು ಅಲ್ಲಿ.

ಸಾಫ್ಟ್‌ವೇರ್ ತಂದವರಿಗೆ ಮುಗಿದುಹೋದ ಒಂದು ಯೋಜನೆಯ ನಕ್ಷೆಗಳನ್ನೂ, ಪಾಯದ ಹಂತದವರೆಗಿನ ಖರೀದಿ ಲೆಕ್ಕವನ್ನೂ ಮಾತ್ರ ಕೊಡಿ. ಉಳಿದ ಮಹಡಿಗಳಲ್ಲಿ ಯಾವ ಸಾಮಗ್ರಿ ಎಷ್ಟು ಪೋಲಾಯಿತೆಂದು ಅದು ಹೇಳಲಿ. ನೀವು ನಿಮ್ಮ ರಿಜಿಸ್ಟರಿನ ಜೊತೆ ಹೋಲಿಸಿ. ಅಂಕಿ ಹತ್ತಿರ ಬಂದರೆ ಮುಂದಿನ ಪ್ರಶ್ನೆ ಕೇಳಿ: ಈ ಮಾಹಿತಿ ನನಗೆ ಯಾವ ವಾರದಲ್ಲಿ ಸಿಗುತ್ತದೆ, ಆ ವಾರದಲ್ಲಿ ನಾನು ಯಾವ ಆದೇಶವನ್ನು ಬದಲಿಸಬಹುದು? ಅದಕ್ಕೆ ನಿರ್ದಿಷ್ಟ ಉತ್ತರ ಸಿಕ್ಕರೆ ಒಂದು ಯೋಜನೆಯ ಮಟ್ಟಿಗೆ ಬಾಡಿಗೆಗೆ ತೆಗೆದುಕೊಂಡು ನೋಡಬಹುದು. ಹೋಲಿಸಲು ನಿಮ್ಮ ಬಳಿ ರಿಜಿಸ್ಟರೇ ಇಲ್ಲ ಎಂದಾದರೆ ಈ ವರ್ಷ ಆ ಹಣವನ್ನು ರಿಜಿಸ್ಟರ್ ನೋಡಿಕೊಳ್ಳುವ ಒಬ್ಬ ಚುರುಕಾದ ಡಿಪ್ಲೊಮಾ ಎಂಜಿನಿಯರನ ಸಂಬಳಕ್ಕೆ ಬಳಸಿ.